ವಿಭೂತಿಯಲ್ಲಿ ಇಳಿದ ಗೆರೆ

ಇವತ್ತು ಜಗಳೂರಿನ ಗ್ಯಾರೇಜಿನಲ್ಲಿ ನಮ್ಮ ಪಿಕಪ್ಪಿನ ಒದ್ದೆ ಸೀಟಿನ ಮುಗ್ಗಲು ವಾಸನೆ ನನ್ನನ್ನು ಸೀದಾ ಅಪ್ಪನ ಗಾಡಿಗೆ ಎಳೆದೊಯ್ದಿತು.

ಅಪ್ಪ ಪಿಕಪ್ಪಿನಲ್ಲಿ ಕುರಿ ಸಾಗಿಸುತ್ತಿದ್ದ. ಮಳೆ ಬಂದಾಗಲೆಲ್ಲ ಡ್ರೈವರ್ ಸೀಟು ನೆನೆಯುತ್ತಿತ್ತು. "ಗಾಡಿ ಗುಡಿಸಾಕೆ ಹೋಗಿ ಗ್ಲಾಸ್ ಇಳಿಸಿ ಬಂದೀಯಲ್ಲೇ!" ಎಂದು ಕುರಿ ಕಟ್ಟುವ ಹಗ್ಗದಿಂದಲೇ ಅವ್ವನಿಗೆ ಬಾರಿಸುತ್ತಿದ್ದ. ಸೀಟು ಒಂದೇ ದಿನಕ್ಕೆ ಆರುತ್ತಿತ್ತು, ಅವಳ ಬೆನ್ನಿನ ಬಾಸುಂಡೆ ವಾರವಾದರೂ ಆರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವ್ವ ವಿಭೂತಿ ಪುಡಿ ಮಾಡಿ ಕ್ಯಾಬಿನ್ನಿನ ಒಳಗೆಲ್ಲ ಬಳಿದಳು. ಗ್ಲಾಸ್ ಪೂರ್ತಿ ಏರಿಸಿ ಒಳಗೆ ಕುಳಿತು, "ಮ್ಯಾಲೆ ನೀರು ಹುಯ್ಯವ್ವಾ" ಎಂದಳು. ನಾನು ಬಾನೆಟ್ ಹತ್ತಿ ಚೊಂಬಿನಲ್ಲಿ ಹುಯ್ದೆ. ವಿಭೂತಿಯಲ್ಲಿ ಒಂದೇ ಒಂದು ಒದ್ದೆ ಗೆರೆ ಇಳಿಯಿತು. ಅದು ಹೊರಟಿದ್ದು, ದೇವರ ಹೆಸರಿನ ಬೋರ್ಡ್ ಕೂರಿಸಲು ಅಪ್ಪನೇ ಕ್ಯಾಬಿನ್ನಿನ ನೆತ್ತಿಯಲ್ಲಿ ಕೊರೆದಿದ್ದ ತೂತಿನಿಂದ.

ಅವ್ವ ಅವನನ್ನು ಕರೆದಳು. "ನೋಡ್ರಿ, ನೀವು ಹೊಡೆದ ತೂತಿನಾಗಿಂದ ನೀರು ಬರ್ತೈತೆ."

ಅಪ್ಪ ನೋಡಿದ. ತೋರಿಸಿಕೊಟ್ಟಳಲ್ಲ ಎಂಬ ಸಿಟ್ಟಿಗೆ ಅವಳ ಕಪಾಳಕ್ಕೆ ಹೊಡೆದ.

ಅವ್ವ ಅಳಲಿಲ್ಲ. ಸೀಟಿನ ಹಿಂದಿದ್ದ ಜಾಕ್ ರಾಡ್ ಎಳೆದುಕೊಂಡು ಕೆಳಗಿಳಿದಳು. ಡ್ರೈವರ್ ಬಾಗಿಲಿನ ಗ್ಲಾಸ್ ಒಂದೇ ಏಟಿಗೆ ಪುಡಿಯಾಯಿತು. ಮುಂದಿನ ಗ್ಲಾಸಿಗೂ ಬೀಸಿದಳು. ಕೈಯಿಂದ ರಕ್ತ ಸುರಿಯುತ್ತಿತ್ತು. "ಈಗ ಗ್ಲಾಸ್ ಇಳಿಸಿದೋಳು ನಾನೇ," ಎಂದಳು. "ಈಗ ಹೊಡೀರಿ."

ಅಪ್ಪನ ಕೈ ಮೇಲೇಳಲಿಲ್ಲ.

ಗ್ಯಾರೇಜಿನಲ್ಲಿ ನನ್ನ ಗಂಡ ಒದ್ದೆ ಸೀಟು ಮುಟ್ಟಿ ನೋಡಿ, "ನೀನೇ ಗ್ಲಾಸ್ ಇಳಿಸಿರ್ತೀಯ" ಎಂದು ಕೈ ಎತ್ತಿದ. ನಾನು ಸೀಟಿನ ಹಿಂದಿನಿಂದ ಜಾಕ್ ರಾಡ್ ಎಳೆದುಕೊಂಡೆ.