ಸುಟ್ಟಿರದ ಪಿನ್ನು

ನಲ್ಲಿಯಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತಿತ್ತು. ಮೊದಲು ಒಂದು ಸಣ್ಣ ಸೀಟಿ, ಆಮೇಲೆ ಗೊರಗೊರ, ಕೊನೆಗೆ ಯಾರೋ ಮುದುಕರು ಗಂಟಲು ಸರಿಮಾಡಿಕೊಂಡ ಹಾಗೆ ಕೆಮ್ಮಿ, ಒಂದಿಷ್ಟು ಕೆಂಪು ನೀರು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಆ ಸೀಟಿ ಕೇಳಿದರೆ ಸಾಕು, ಹೆಂಚಿನ ಮೇಲಿನ ರೊಟ್ಟಿ ಹೆಂಚಿನ ಮೇಲೇ, ಹೆಂಗಸರೆಲ್ಲ ಕೊಡ ಹಿಡಿದು ಹೊರಗೆ. ಯಾವ ದಿನ, ಯಾವ ಹೊತ್ತಿಗೆ ನೀರು ಬರುತ್ತದೆಂದು ಬಿಡುವವನಿಗೂ ಗೊತ್ತಿರುತ್ತಿರಲಿಲ್ಲ. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಮನೆಮನೆಗೂ ಮೊಬೈಲ್ ಬಂದಿತ್ತು. ನೀರು ಬಂತೆಂದು ತಿಳಿಯಲು ಮಾತ್ರ ಆ ಸೀಟಿಯೇ ಗತಿ.

ಅದಕ್ಕೆ ಕಿವಿಗೊಟ್ಟು ಕೂತು ಕೂತು ರೋಸಿಹೋದ ಒಬ್ಬ ಹುಡುಗಿಯ ಬಗ್ಗೆ ಬರೆಯುತ್ತಿದ್ದೇನೆ. ಇಷ್ಟು ವರ್ಷದ ಮೇಲೂ ಆ ಪ್ರಸಂಗ ನೆನೆದರೆ ನನ್ನ ಬ್ಲಡ್ ಪ್ರೆಷರ್ ಏರುತ್ತದೆ. ನನ್ನ ಡಾಕ್ಟರು ಕ್ಷಮಿಸಲಿ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಎರಡು ಸಂಗತಿ ಕಲಿಸಲು ಬಹಳ ಕಷ್ಟಪಟ್ಟರು: ಇಂಗ್ಲಿಷನ್ನು ಪೂರ್ತಿ ವಾಕ್ಯದಲ್ಲಿ ಮಾತಾಡುವುದು, ಹಿರಿಯರ ಎದುರು ಬಾಯಿ ಮುಚ್ಚಿಕೊಂಡಿರುವುದು. ಮೊದಲನೆಯದು ಮಾತ್ರ ನನಗೆ ಹತ್ತಿತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದು ರಿಟೈರಾದ ಮೇಲೆ ಮನೆಯ ಹೊರಗಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಿದ್ದೆ. ಡಿಪ್ಲೊಮಾ ಓದುವ ಮಕ್ಕಳು ತಮ್ಮ ಯಂತ್ರಗಳ ಮ್ಯಾನ್ಯುಯಲ್ ಹಿಡಿದುಕೊಂಡು ಬರುತ್ತಿದ್ದರು. ಯಂತ್ರ ನನಗೆ ತಿಳಿಯದು, ಮ್ಯಾನ್ಯುಯಲಿನ ಇಂಗ್ಲಿಷ್ ಅವರಿಗೆ ತಿಳಿಯದು. ಇಬ್ಬರೂ ಸೇರಿದರೆ ಹೇಗೋ ಒಂದು ಪುಟ ಮುಂದಕ್ಕೆ ಹೋಗುತ್ತಿತ್ತು.

ಈ ಹುಡುಗಿ ನಮ್ಮ ಹಿಂದಿನ ಓಣಿಯವಳು. ಅವಳ ತಂದೆ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ ಸಾಹೇಬರು. ಮಗಳು ಹರಪನಹಳ್ಳಿ ಕಡೆಯ ಒಂದು ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷ ಓದುತ್ತಿದ್ದಳು. ಕಾಲೇಜಿನ ಹೆಸರು ಬೇಡ. ಸಿಟ್ಟಿದ್ದರೂ ನನಗೆ ಅಷ್ಟು ಮ್ಯಾನರ್ಸ್ ಉಂಟು.

ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಮಾಡಬೇಕು, ಹೊರಗಿನಿಂದ ಬರುವ ಎಕ್ಸಾಮಿನರ್ ಮುಂದೆ ನಿಂತು ಅದನ್ನು ನಡೆಸಿ ತೋರಿಸಬೇಕು. ಇವಳದು ನೀರಿನ ಗಂಟೆ. ನಲ್ಲಿಯ ಬಾಯಿಗೆ ಎರಡು ತಂತಿ. ನೀರು ತಾಗಿದೊಡನೆ ಮನೆಯೊಳಗೆ ಗಂಟೆ. ಜೊತೆಗೆ ಯಾವ ಹೊತ್ತಿಗೆ ಬಂತೆಂದು ಯಂತ್ರವೇ ನೆನಪಿಟ್ಟುಕೊಳ್ಳಬೇಕು. ಹೆಣ್ಣುಮಕ್ಕಳ ಕಷ್ಟ ಕಂಡವಳಿಗಷ್ಟೇ ಹೊಳೆಯುವ ಯೋಚನೆ. ಅವಳ ಬ್ಯಾಚಿನ ಇಬ್ಬರು ಹುಡುಗರಿಗೆ ಅದು ಹೊಳೆದಿರಲೂ ಇಲ್ಲ, ಬೇಕಾಗಿಯೂ ಇರಲಿಲ್ಲ. ಅವರು ಹೆಸರಿಗೆ ಜೊತೆಗಿದ್ದರು.

ಗಂಟೆಯನ್ನು ನಡೆಸುವುದಕ್ಕೆ ಕಾಲೇಜಿನಲ್ಲಿ ಒಂದೇ ಒಂದು ಬೋರ್ಡು ಇತ್ತು. ಅಂಗೈಯಗಲದ ಹಸಿರು ಹಲಗೆ, ಅದರೊಳಗೇ ಲಿನಕ್ಸ್ ಓಡುವ ಒಂದು ಪುಟ್ಟ ಕಂಪ್ಯೂಟರು. ಅಂಚಿನಲ್ಲಿ ಸಾಲಾಗಿ ನಿಂತ ಪಿನ್ನುಗಳು. ಇಂಥ ಪಿನ್ನಿನಲ್ಲಿ ಕರೆಂಟು ಬಿಡು ಎಂದು ಪ್ರೋಗ್ರಾಮಿನಲ್ಲಿ ಬರೆದರೆ ಬಿಡುತ್ತದೆ, ಅದಕ್ಕೆ ಕಟ್ಟಿದ ಗಂಟೆ ಬಾರಿಸುತ್ತದೆ. ಇಷ್ಟು ನನಗೆ ಅವಳೇ ತಿಳಿಸಿಕೊಟ್ಟದ್ದು.

ಬೋರ್ಡಿನ ಒಡೆತನವೆಲ್ಲ ವಿಭಾಗದ ಮುಖ್ಯಸ್ಥರದು, ಅಂದರೆ ಎಚ್‌ಓಡಿ ಸರ್‌ದು. ಅದನ್ನಿಟ್ಟ ಬೀರುವಿನ ಕೀಲಿ ಅವರ ಸೊಂಟದಲ್ಲಿ, ಪಾಸ್‌ವರ್ಡು ಅವರ ತಲೆಯಲ್ಲಿ. ಪಿನ್ನು ಮುಟ್ಟುವ ಪ್ರೋಗ್ರಾಮನ್ನು ಮಕ್ಕಳು ತಾವಾಗಿ ನಡೆಸಿದರೆ ಪರದೆಯ ಮೇಲೆ ‘ಪರ್ಮಿಷನ್ ಡಿನೈಡ್’ ಎಂದು ಬರುತ್ತಿತ್ತು. ಆಗ ಹೋಗಿ ಸರ್ ಅವರನ್ನು ಕರೆದುಕೊಂಡು ಬರಬೇಕು. ಅವರು ಬಂದು ಪಾಸ್‌ವರ್ಡು ಹಾಕುವಾಗ ಹುಡುಗರು ಕಣ್ಣು ಬೇರೆ ಕಡೆ ತಿರುಗಿಸಿದರೆ ಸಾಕು. ಹುಡುಗಿಯರು ಮಾತ್ರ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಇದನ್ನು ಅವಳು ನಗುತ್ತಲೇ ಹೇಳಿದ್ದಳು. ನನಗೆ ನಗು ಬರಲಿಲ್ಲ. ಡಿಪ್ಲೊಮಾ ಓದುವ ಹುಡುಗಿಯೋ, ಇಂಕು ಚೆಲ್ಲಿದ ಒಂದನೇ ಕ್ಲಾಸಿನ ಮಗುವೋ?

ಒಂದು ದಿನ ಪಾಸ್‌ವರ್ಡು ಹಾಕಿದ ಮೇಲೂ ಗಂಟೆ ಬಾರಿಸಲಿಲ್ಲ. ಈ ಸಲ ಪರದೆ ಹೇಳಿದ್ದು ಬೇರೆ: ‘ಡಿವೈಸ್ ಆರ್ ರಿಸೋರ್ಸ್ ಬಿಜಿ’. ಮತ್ತೆ ನಡೆಸಿದರೂ ಅದೇ. ಸರ್ ಬಗ್ಗಿ ನೋಡಿ, ಪಿನ್ನು ಸುಟ್ಟಿದೆ, ತಂತಿ ತಪ್ಪಾಗಿ ಕೊಟ್ಟು ಇವಳೇ ಸುಟ್ಟಿದ್ದಾಳೆ ಎಂದು ಅಲ್ಲೇ ತೀರ್ಪು ಕೊಟ್ಟರು. ಇನ್ನು ಇವಳು ಯಾವುದನ್ನೂ ಮುಟ್ಟಕೂಡದು. ಹುಡುಗರು ಚಾರ್ಟಿನ ಮೇಲೆ ಚಿತ್ರ ಬರೆದು ತೋರಿಸಲಿ. ಎಕ್ಸಾಮಿನರ್ ಮುಂದೆ ಇವಳು ನಿಲ್ಲುವುದು ಬೇಡ, ಮುಂದಿನ ವರ್ಷ ನೋಡೋಣ. ಸುಟ್ಟ ಬೋರ್ಡನ್ನು ಮನೆಗೆ ಒಯ್ದು ತಂದೆಗೆ ತೋರಿಸಿಕೊಂಡು ಬಾ ಎಂದೂ ಹೇಳಿ ಕಳಿಸಿದರು.

ತಂದೆ ಆ ಬೋರ್ಡನ್ನು ಅಂಗಡಿಯ ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು, ಮಗಳನ್ನೂ ಕರೆದುಕೊಂಡು ನನ್ನ ಮನೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮೇಡಂ ಅವರ, ನಮ್ ಹುಡುಗಿ ಕಾಲೇಜಿನ ಬೋರ್ಡ್ ಸುಟ್ಟಾಳಂತ. ಸರ್ ಮುಂದ ನಿಂತು ಮಾಫಿ ಕೇಳೂದು ಹೆಂಗಂತ ಇಂಗ್ಲಿಷ್‌ನ್ಯಾಗ ಚಂದಂಗ ಕಲಿಸಿಕೊಡ್ರಿ. ಕನ್ನಡದಾಗ ಕೇಳಿದ್ರ ಅವರು ಕರಗೂದಿಲ್ಲ.”

ಅವರ ಅಂಗಡಿಗೆ ಯಾವ ಮೋಟಾರು ಬಂದರೂ ಅವರು ಮೊದಲು ಬಗ್ಗಿ ಮೂಸುತ್ತಿದ್ದುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಇದನ್ನು ಮೂಸಿ ನೋಡಿದಿರಾ ಎಂದು ಕೇಳಿದೆ.

“ನೋಡೀನ್ರಿ. ಸುಟ್ಟ ವಾಸನಿ ಇಲ್ಲ. ಆದ್ರ ಸರ್ ಓದಿದೋರ್ ಅದಾರಲ್ರಿ. ಸುಟ್ಟೈತಿ ಅಂದ್ರ ಸುಟ್ಟಿರತೈತಿ.”

“ಅಬ್ಬಾ, ನಿಮ್ ಮೂಗಿಗೂ ಸರ್ ಪರ್ಮಿಷನ್ ಬೇಕೇನು?” ಎಂದು ಮಗಳು ಅಪ್ಪನನ್ನು ಕೇಳಿದಳು.

ತಂದೆ ಅವಳನ್ನು ಗದರಿಸಿದರು. ನನಗೆ ಮಾತ್ರ ಆ ಹೊತ್ತಿಗೆ ತಲೆ ಕಾದಿತ್ತು. ಮಾಫಿಯನ್ನು ಆಮೇಲೆ ಕಲಿಸುತ್ತೇನೆ, ಮೊದಲು ಬೋರ್ಡು ಇಲ್ಲಿಟ್ಟು ಹೋಗಿ ಎಂದೆ.

ನಿಜ ಹೇಳಬೇಕೆಂದರೆ ನಮ್ಮ ಸೀಮೆಯಲ್ಲಿ ನಿಂತದ್ದೆಲ್ಲ ಸುಟ್ಟದ್ದೇ. ವೋಲ್ಟೇಜು ಒಮ್ಮೆ ಆಕಾಶಕ್ಕೆ, ಒಮ್ಮೆ ಪಾತಾಳಕ್ಕೆ. ನನ್ನ ಕಂಪ್ಯೂಟರಿನ ಪಕ್ಕದ ಸ್ಟೆಬಿಲೈಜರು ಹಗಲೆಲ್ಲ ಟಕ್ ಟಕ್ ಎನ್ನುತ್ತಿತ್ತು. ಫ್ಯಾನು ನಿಂತರೆ ಸುಟ್ಟಿತು, ಮಿಕ್ಸಿ ನಿಂತರೆ ಸುಟ್ಟಿತು, ಕೂಡ್ಲಿಗಿಯಿಂದ ತಂದ ಹೊಸ ಟಿವಿ ಚಿತ್ರ ತೋರಿಸದಿದ್ದರೆ ಕೇಬಲ್ ಎಳೆಯುವ ಮುಂಚೆಯೇ ಸುಟ್ಟಿತು. ಯಾರೂ ಬಿಚ್ಚಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಮನೆಯ ಹೆಂಗಸರು ಹಾಗಂದರೆ ಸರಿ, ವಿಭಾಗದ ಮುಖ್ಯಸ್ಥರೂ ಹಾಗನ್ನಬೇಕೆ? ಪರದೆಯ ಮೇಲೆ ಬಂದ ಸಾಲನ್ನು ಪೂರ್ತಿ ಓದುವುದಕ್ಕೂ ಅವರಿಗೆ ಪುರುಸೊತ್ತಿರಲಿಲ್ಲವೆ?

ಮರುದಿನ ಮಧ್ಯಾಹ್ನ ಇಬ್ಬರೂ ಮ್ಯಾನ್ಯುಯಲ್ ತೆರೆದು ಕೂತೆವು. ನಾನು ಓದುತ್ತೇನೆ, ಅವಳು ಯೋಚಿಸುತ್ತಾಳೆ. ಒಂದು ಪಿನ್ನನ್ನು ಒಂದು ಹೊತ್ತಿಗೆ ಒಬ್ಬರೇ ಹಿಡಿಯಬಹುದು, ಇನ್ನೊಬ್ಬರು ಕೇಳಿದರೆ ಬಿಜಿ ಎಂದು ಉತ್ತರ ಬರುತ್ತದೆ ಎಂಬ ಸಾಲು ಸಿಕ್ಕಿತು. ಹಾಗಾದರೆ ಸುಟ್ಟ ಪಿನ್ನು ಏನನ್ನುತ್ತದೆ ಎಂದು ಕೇಳಿದೆ.

“ಏನೂ ಅನ್ನೂದಿಲ್ರಿ ಮೇಡಂ,” ಎಂದಳು. “ಬಲ್ಬ್ ಹೋದ ಮನ್ಯಾಗ ಸ್ವಿಚ್ ಒತ್ತಿದಂಗ. ಸ್ವಿಚ್ ಟಕ್ ಅಂತೈತಿ, ಬೆಳಕ್ ಬರೂದಿಲ್ಲ. ಸುಟ್ಟಿದ್ರ ಪ್ರೋಗ್ರಾಮ್ ಸುಮ್ನ ಓಡ್ತಿತ್ತು, ಗಂಟಿ ಮಾತ್ರ ಬಾರಿಸ್ತಿದ್ದಿಲ್ಲ. ಇದು ಓಡಾಕನ ಒಲ್ಲೆ ಅನ್ನಾಕ್ಹತ್ತೈತಿ. ಯಾರೋ ಹಿಡಕಂಡಾರ.”

ಯಾರು ಎಂದು ಬೋರ್ಡನ್ನೇ ಕೇಳಬಹುದಿತ್ತು, ಅದಕ್ಕೂ ಪಾಸ್‌ವರ್ಡು ಬೇಕು. ಆದರೆ ಬೋರ್ಡಿಗೆ ಕರೆಂಟು ಕೊಟ್ಟೊಡನೆ ಅದು ಎದ್ದು ಕೂರುವಾಗ ತಾನು ಏನೇನು ಮಾಡುತ್ತಿದ್ದೇನೆಂದು ಸಾಲುಸಾಲಾಗಿ ಹೇಳಿಕೊಳ್ಳುತ್ತದಂತೆ. ಅದನ್ನು ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅವಳು ಒಂದು ಕೇಬಲ್ ತಂದು ನನ್ನ ಹಳೆಯ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮಳೆಗಾಲದ ಹಳ್ಳದ ಹಾಗೆ ಓಡಿದವು. ಮೊದಲ ಸಲ ನನಗೊಂದೂ ಸಿಗಲಿಲ್ಲ. ಎರಡನೇ ಸಲ ನಡುವೆಯೇ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಅವಳು ಬೋರ್ಡನ್ನು ಆರಿಸಿ ಹಚ್ಚುತ್ತ ಹೋದಳು, ನಾನು ಕನ್ನಡಕ ಒರೆಸಿಕೊಂಡು ಪರೀಕ್ಷೆಯ ಪೇಪರು ತಿದ್ದುವ ವೇಗದಲ್ಲಿ ಓದುತ್ತ ಹೋದೆ.

ಕಡೆಗೆ ಸಿಕ್ಕಿತು. ಅವಳ ಗಂಟೆ ಕಟ್ಟಿದ್ದ ಅದೇ ನಂಬರಿನ ಪಿನ್ನನ್ನು ‘ಇನ್‌ಸ್ಪೆಕ್ಷನ್ ಲ್ಯಾಂಪ್’ ಎಂಬುದಕ್ಕೆ ಕೊಟ್ಟಾಗಿದೆ ಎಂಬ ಸಾಲು.

ಅವಳು ಜೋರಾಗಿ ನಕ್ಕಳು. ಹಿಂದಿನ ವರ್ಷ ಕಾಲೇಜು ನೋಡಲು ಮೇಲಿನವರು ಬಂದಾಗ ಈ ಬೋರ್ಡಿನ ಮೇಲೊಂದು ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತಂತೆ. ಅದನ್ನು ಹಾಕಿಸಿದವರು ಸರ್ ಅವರೇ. ಬಂದವರು ಹೋದರು, ದೀಪವನ್ನು ಯಾರೋ ಕಿತ್ತೊಯ್ದರು, ಪ್ರೋಗ್ರಾಮು ಒಳಗೇ ಉಳಿಯಿತು. ಮೊನ್ನೆ ತನಕ ಇವಳು ಗಂಟೆಯನ್ನು ಬೇರೆ ಪಿನ್ನಿಗೆ ಕಟ್ಟಿದ್ದಳು. ವೈರು ನೀಟಾಗಿ ಕಾಣಲಿ, ಪಕ್ಕದ ಪಿನ್ನಿಗೆ ಹಾಕು ಎಂದು ಬದಲಿಸಲು ಹೇಳಿದ್ದೂ ಸರ್ ಅವರೇ.

“ಹೊಸಪೇಟಿ ಬಸ್ಸಿನ್ಯಾಗ ಕಿಡಕಿಯಿಂದ ಟವಲ್ ಹಾಕಿ ಸೀಟ್ ಹಿಡಿತಾರಲ್ರಿ, ಹಂಗ ಐತಿ ಇದು. ಕುಂದ್ರೋರು ಬರಾಂಗಿಲ್ಲ, ಟವಲ್ ಮಾತ್ರ ಐತಿ. ನಾವು ನಿಂತಕಂಡ ಹೋಗಬೇಕು.”

ನಿಂತುಕೊಂಡು ಹೋಗುವುದೇನೂ ಬೇಡ ಎಂದು ಬೆಳಗಿನ ಬಸ್ಸಿಗೆ ನಾನೂ ಅವಳ ಜೊತೆ ಹೊರಟೆ. ಎಚ್‌ಓಡಿ ಸರ್ ನನ್ನನ್ನು ಬಹಳ ವಿನಯದಿಂದಲೇ ಕೂರಿಸಿದರು. ಇದು ಟೆಕ್ನಿಕಲ್ ಮ್ಯಾಟರ್, ನಿಮ್ಮಂಥ ಹಿರಿಯರು ಇಷ್ಟು ದೂರ ಬರಬಾರದಿತ್ತು, ಮಕ್ಕಳು ತಪ್ಪು ಮಾಡುತ್ತಾರೆ, ಸಾರಿ ಕೇಳಿದರೆ ಮುಗಿಯಿತು ಎಂದರು. ಆ ವಿನಯ ಇದೆಯಲ್ಲ, ಅದರಷ್ಟು ಸಿಟ್ಟು ತರಿಸುವುದು ಇನ್ನೊಂದಿಲ್ಲ. ಸಾರಿ ಆಮೇಲೆ, ಮೊದಲು ಪಾಸ್‌ವರ್ಡು ಹಾಕಿ ಎಂದು ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲೇ ಹೇಳಿದೆ. ಅವರು ಕೀಬೋರ್ಡಿನ ಮೇಲೆ ಕೈ ಇಟ್ಟು ಅವಳ ಕಡೆ ನೋಡಿದರು. ಅವಳು ರೂಢಿಯಂತೆ ಗೋಡೆಗೆ ತಿರುಗಿದಳು. ನಾನು ತಿರುಗಲಿಲ್ಲ. ನನಗೆ ತಿರುಗಿ ಎನ್ನುವ ಧೈರ್ಯ ಅವರಿಗೆ ಬರಲಿಲ್ಲ. ನನ್ನ ಕಣ್ಣಿಗೆ ಅಷ್ಟು ದೂರದ ಕೀಬೋರ್ಡಿನ ಅಕ್ಷರಗಳು ಕಾಣುವುದೂ ಇಲ್ಲ, ಆ ಮಾತು ಬೇರೆ.

ಯಾವ ಫೈಲು, ಯಾವ ಸಾಲು ಎಂದು ಅವಳು ಹೇಳುತ್ತ ಹೋದಳು, ಅವರು ತೆಗೆಯುತ್ತ ಹೋದರು. ಲ್ಯಾಂಪಿನ ಸಾಲು ಬಂದಾಗ ಅವರ ಬೆರಳು ಒಂದು ಕ್ಷಣ ನಿಂತದ್ದನ್ನು ನಾನು ಕಂಡೆ. ಆಮೇಲೆ ಅಳಿಸಿದರು. ಬೋರ್ಡು ಆರಿಸಿ ಹಚ್ಚಿದರು. ಅವಳು ಒಂದು ಲೋಟ ನೀರಿಗೆ ಎರಡು ತಂತಿ ಇಳಿಬಿಟ್ಟಳು. ಗಂಟೆ ಬಾರಿಸಿತು. ಪಕ್ಕದ ಕೋಣೆಯ ಟೈಪಿಸ್ಟ್ ಕೂಡ ಎದ್ದು ಬಂದು ನೋಡಿದಳು.

“ಲೂಸ್ ಕಾಂಟ್ಯಾಕ್ಟ್ ಇದ್ದಿರಬೇಕು,” ಎಂದರು ಎಚ್‌ಓಡಿ ಸರ್. “ಏನೋ ಒಂದು, ಸರಿ ಆತಲ್ಲ. ಹುಡುಗರು ಎಕ್ಸಾಮಿನರ್ ಮುಂದ ನಡೆಸಿ ತೋರಿಸ್ಲಿ. ನೀನು ಹಿಂದ ನಿಂತ್ಕಂಡು ರಿಪೋರ್ಟ್ ಓದು ಸಾಕು.”

ಸುಟ್ಟಿಲ್ಲ ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಅವಳೇ ಮಾತಾಡಿದಳು. ದನಿ ಏರಿಸಲಿಲ್ಲ.

“ಸರ್, ಸುಟ್ಟಾಕಿ ನಾನ ಒಬ್ಬಾಕಿ ಆಗಿದ್ದೆ. ನಡಸಾಕಿನೂ ನಾನ ಆಗ್ತೀನಿ.”

ಅವರು ಬ್ಯಾಚಿನ ಹುಡುಗರ ಕಡೆ ತಿರುಗಿದರು. ಇಬ್ಬರೂ ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದರು. ಅವರಲ್ಲೊಬ್ಬ ತಲೆ ಕೆರೆದುಕೊಂಡು, “ಸರ್, ನಮಗ ಅದು ಬರೂದಿಲ್ಲ. ಎಕ್ಸಾಮಿನರ್ ಏನರ ಕೇಳಿದ್ರ ಸಿಕ್ಕಿ ಬೀಳ್ತೀವಿ. ಆಕಿನ ಮಾಡ್ಲಿ,” ಎಂದ. ನ್ಯಾಯಕ್ಕಾಗಿ ಅಲ್ಲ, ಹುಡುಗರ ಹೆದರಿಕೆಗೆ ಅವಳಿಗೆ ಜಾಗ ಸಿಕ್ಕಿತು. ಅದಕ್ಕೂ ನನಗೆ ಸಿಟ್ಟಿದೆ.

ಪರೀಕ್ಷೆಯ ದಿನ ಅವಳ ತಂದೆ ಅಂಗಡಿ ಮುಚ್ಚಿ ಬಂದಿದ್ದರು. ಲ್ಯಾಬಿನ ಹೊರಗೆ ಕಿಟಕಿಯ ಪಕ್ಕ ಇಬ್ಬರೂ ನಿಂತೆವು. ಅವರು ಒಳಗೆ ಇಣುಕಲು ಸಂಕೋಚಪಟ್ಟು, ಏನಂತಾಳ, ಏನಂತಾಳ ಎಂದು ನನ್ನನ್ನೇ ಕೇಳುತ್ತಿದ್ದರು. ಗಂಟೆ ಬಾರಿಸಿದ್ದು ಅವರಿಗೂ ಕೇಳಿತು. ಆಮೇಲೆ ಎಕ್ಸಾಮಿನರ್, ಮಾಡುವಾಗ ಏನಾದರೂ ತೊಂದರೆ ಬಂತೇ ಎಂದು ಕೇಳಿದರು. ಎಲ್ಲರಿಗೂ ಕೇಳುವ ಸಾಮಾನ್ಯ ಪ್ರಶ್ನೆ. ಇಲ್ಲ ಸರ್ ಎಂದರೆ ಮುಗಿಯುತ್ತಿತ್ತು. ಅವಳು ಹಾಗನ್ನಲಿಲ್ಲ. ಪಿನ್ನು ಸುಟ್ಟಿದೆ ಎಂದು ಹೇಳಲಾಗಿತ್ತು, ಆದರೆ ಅದು ಸುಟ್ಟಿರಲಿಲ್ಲ ಎಂದು ಇಂಗ್ಲಿಷಿನಲ್ಲಿ, ಪೂರ್ತಿ ವಾಕ್ಯದಲ್ಲಿ ಶುರುಮಾಡಿದಳು.

ಅದಕ್ಕೆ ಬೆಲೆ ತೆತ್ತಳು. ಕಾಲೇಜಿನವರ ಕೈಯಲ್ಲಿದ್ದ ಮಾರ್ಕ್ಸಿನಲ್ಲಿ ಬ್ಯಾಚಿನ ಹುಡುಗರಿಗಿಂತ ಅವಳಿಗೇ ಕಡಿಮೆ ಬಂತೆಂದು ಆಮೇಲೆ ಅದೇ ಹುಡುಗ ಬಸ್ಸಿನಲ್ಲಿ ಸಿಕ್ಕಾಗ ಹೇಳಿದ. ಪಾಸಂತೂ ಆಗಿದ್ದಳು. ಆ ಹೊತ್ತಿಗೆ ಅವಳ ಸೋದರಮಾವ ಕರೆಸಿಕೊಂಡದ್ದರಿಂದ ಮನೆಯವರೆಲ್ಲ ದಾವಣಗೆರೆಗೆ ಹೋಗಿಯಾಗಿತ್ತು. ನಾನಾಗ ಕಣ್ಣಿನ ಆಪರೇಷನ್ನಿಗೆಂದು ಬಳ್ಳಾರಿಯಲ್ಲಿದ್ದೆ. ಬಂದು ನೋಡಿದರೆ ಅಂಗಡಿಗೆ ಬೇರೆ ಯಾರದೋ ಹೆಸರಿನ ಬೋರ್ಡು ಬಿದ್ದಿತ್ತು.

ಹಾಗಾಗಿ ನಾನು ಅವಳನ್ನು ಕಡೆಯ ಸಲ ನೋಡಿದ್ದು ಆ ಕಿಟಕಿಯಿಂದಲೇ. ಒಳಗೆ ಎಚ್‌ಓಡಿ ಸರ್ ನಗುತ್ತ, ಮೈನರ್ ಥಿಂಗ್ ಸರ್, ಲೂಸ್ ಕಾಂಟ್ಯಾಕ್ಟ್ ಎಂದು ನಡುವೆ ಬಾಯಿ ಹಾಕಿದರು. ಅವಳು ಅವರ ಕಡೆ ತಿರುಗಲಿಲ್ಲ. ಮೇಜಿನ ಮೇಲಿನ ಚಾಕ್‌ಪೀಸು ತೆಗೆದುಕೊಂಡು, ನೋ ಸರ್ ಎಂದು, ಕರಿಹಲಗೆಯ ಮೇಲೆ ಪಿನ್ನುಗಳ ಸಾಲು ಬರೆಯತೊಡಗಿದಳು. ಎಕ್ಸಾಮಿನರ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಬಳ್ಳಾರಿಗೆ ಹೋಗುವ ನನ್ನ ಬಸ್ಸಿಗೆ ಹೊತ್ತಾಗಿತ್ತು. ತಂದೆಗೆ ನಿಮ್ಮ ಮಗಳು ಇನ್ನೂ ಹೇಳುತ್ತಿದ್ದಾಳೆ, ಕಾಯಿರಿ ಎಂದು ತಿಳಿಸಿ ನಾನು ಹೊರಟೆ.