ಪೆನ್ಸಿಲ್ ಕಟ್ಟಿದ ಮೈಕು

ಅದು ನಡೆದಾಗ ನಾನು ನಿಂತಿದ್ದದ್ದು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ. ಬಲಗೈಯಲ್ಲಿ ಹೆಡ್‌ಫೋನಿನ ವೈರಿತ್ತು. ಎಡ ಭುಜ ಬಾಗಿಲಿಗೆ ಬಡಿದಿದ್ದ ಹತ್ತಿಯ ಗಾದಿಗೆ ತಾಗಿತ್ತು. ನನಗೆ ಕೆಲಸ ಕಲಿಸಿದ ಉಸ್ತಾದರ ಕುರ್ಚಿ ನನ್ನಿಂದ ಮೂರು ಹೆಜ್ಜೆ ಮುಂದೆ; ಅವರ ಬೆನ್ನು ಅರ್ಧ, ಮುಖ ಅರ್ಧ ಕಾಣುತ್ತಿತ್ತು. ಒಂಬತ್ತು ವರ್ಷದ ಹಿಂದಿನ ಮಾತು. ಬೇಸಿಗೆ ಆಗಷ್ಟೇ ಶುರುವಾಗಿತ್ತು. ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆ ಇನ್ನೂ ಆಗಿರಲಿಲ್ಲ. ಜಾಗ, ರಾಯಚೂರಿನ ತೀನ್ ಕಂದೀಲ್ ಹಿಂದಿನ ಓಣಿಯಲ್ಲಿ ಬಟ್ಟೆ ಅಂಗಡಿಯ ಮೇಲಿದ್ದ ನಮ್ಮ ರೆಕಾರ್ಡಿಂಗ್ ಕೋಣೆ.

ಇದನ್ನು ಬರೆಯಲು ಕೂರಿಸಿದ್ದು ಒಂದು ಪೆನ್ಸಿಲ್. ಹೋದ ವಾರ ಹಳೆಯ ಮೈಕಿನ ಪೆಟ್ಟಿಗೆ ತೆರೆದಾಗ ಮೂಲೆಯಲ್ಲಿ ಸಿಕ್ಕಿತು. ಎರಡು ರಬ್ಬರ್ ಬ್ಯಾಂಡು ಸುತ್ತಿದ ಮೋಟು ಪೆನ್ಸಿಲ್. ಬ್ಯಾಂಡುಗಳು ಒಣಗಿ ಮರಕ್ಕೆ ಅಂಟಿಕೊಂಡಿದ್ದವು, ಮುಟ್ಟಿದೆ, ಪುಡಿಯಾದವು...

ಅದು ಉಸ್ತಾದರ ಪೆನ್ಸಿಲ್. ಹಾಡುವವರು ‘ಸ’, ‘ಶ’, ‘ಚ’ ಅಂದಾಗ ಹಲ್ಲಿನ ಸಂದಿನಿಂದ ಹೊರಡುವ ಗಾಳಿ ಮೈಕಿನಲ್ಲಿ ಸೀಟಿಯಂತೆ ಕೊರೆಯುತ್ತದೆ. ಎದುರಿಗೆ ಕೂತು ಕೇಳಿದರೆ ಅಷ್ಟು ತಿಳಿಯುವುದಿಲ್ಲ. ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿದಾಗ ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ. ಉಸ್ತಾದರು ಮೈಕಿನ ಮುಖದ ನಡುವೆ ಪೆನ್ಸಿಲನ್ನು ನೆಟ್ಟಗೆ ಕಟ್ಟುತ್ತಿದ್ದರು. ಗಾಳಿ ಅದಕ್ಕೆ ಬಡಿದು ಎರಡಾಗಿ ಸೀಳಿ ಆಚೀಚೆ ಹೋಗುತ್ತಿತ್ತು. ಅಷ್ಟಕ್ಕೂ ಬಗ್ಗದಿದ್ದರೆ ಹಾಡುವವರ ಗದ್ದ ಹಿಡಿದು ಮುಖವನ್ನು ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ತಿರುಗಿಸುತ್ತಿದ್ದರು. ಬೇರೆ ಕಡೆ ಈ ಕೆಲಸಕ್ಕೆ ಡಿ-ಎಸರ್ ಎಂಬ ಪ್ಲಗಿನ್ ಬಂದು ಬಹಳ ವರ್ಷಗಳಾಗಿದ್ದವು. ಕಂಪ್ಯೂಟರಿನಲ್ಲಿ ಅದನ್ನು ಹಾಕಿಬಿಟ್ಟರೆ ‘ಸ’ ಬಂದ ಕ್ಷಣಕ್ಕೆ ಮಾತ್ರ ಆ ಸೀಟಿಯನ್ನು ತಗ್ಗಿಸಿ, ಮರುಕ್ಷಣ ಸುಮ್ಮನಾಗುತ್ತದೆ. ಉಸ್ತಾದರು ಅದನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

“ಮಷೀನಿಗಿ ಬಾಯಿ ಅಂದ್ರ ಏನಂತ ಗೊತ್ತದೇನಲೇ?” ಎಂದು ನನ್ನನ್ನು ಕೇಳುತ್ತಿದ್ದರು. “ಸ ತಿದ್ದಬೇಕಾದ್ದು ಬಾಯಾಗ. ಆಮ್ಯಾಲ ತಿದ್ದೋದು ಅಂದ್ರ ಸತ್ತ ಮ್ಯಾಲ ಔಷಧಿ ಹಾಕಿದಂಗ.”

ಅವರು ಮಾನ್ವಿಯ ಕಡೆಯ ಕುರಿ ಕಾಯುವ ಮನೆತನದವರು. ಸಂಜೆ ಹಿಂಡು ಹಟ್ಟಿಗೆ ಬಂದಾಗ ಯಾವ ಮರಿ ಯಾವ ತಾಯಿಯನ್ನು ಕೂಗುತ್ತಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರಂತೆ. ಆ ಕಿವಿಯೇ ಅವರನ್ನು ಮೊದಲು ಮದುವೆಗಳ ಮೈಕ್‌ಸೆಟ್ಟಿಗೆ, ಆಮೇಲೆ ರೆಕಾರ್ಡಿಂಗಿಗೆ ತಂದಿತು. ದಿನಾ ಮಾನ್ವಿಯಿಂದ ಬಸ್ಸಿಗೆ ಬಂದು, ಸಂಜೆ ಐದೂವರೆಗೆ ಹಿಂತಿರುಗುತ್ತಿದ್ದರು. ನಾನು ಅವರ ಬಳಿ ಕೆಲಸ ಕಲಿತವನು. ಆಗ ನನಗೆ ಮೂವತ್ತು ದಾಟಿತ್ತು.

ಮೈಕ್‌ಸೆಟ್ಟಿನ ಕಾಲದಲ್ಲಿ ಇಪ್ಪತ್ತು ವರ್ಷ ಹಾರ್ನುಗಳ ಬುಡದಲ್ಲಿ ಕೂತ ಕಿವಿ ಅದು... ಚೂಪು ದನಿಗಳು ಅವರಿಗೆ ಕೇಳಿಸುತ್ತಿಲ್ಲ ಎಂಬ ಮೊದಲ ಸೂಚನೆ ಸಿಕ್ಕಿದ್ದು ಯುಪಿಎಸ್‌ನಿಂದ. ಕರೆಂಟು ಹೋದಾಗ ಅದು ಕೀಂ ಕೀಂ ಎಂದು ಕೂಗುತ್ತಿತ್ತು. ಒಂದು ಮಧ್ಯಾಹ್ನ ಅದರ ಪಕ್ಕದಲ್ಲೇ ಕೂತಿದ್ದ ಉಸ್ತಾದರು ಅಲುಗಾಡಲಿಲ್ಲ. ಬ್ಯಾಟರಿ ಮುಗಿದು ಅರ್ಧ ಹಾಡು ಅಳಿಸಿಹೋಯಿತು.

“ಯುಪಿಎಸ್ ಕೆಟ್ಟದ ನೋಡು. ಕೂಗವಲ್ದು,” ಅಂದರು.

ನಾನು ಪಕ್ಕದ ಕೋಣೆಯಿಂದ ಓಡಿ ಬಂದದ್ದೇ ಆ ಕೂಗು ಕೇಳಿ. “ಹೌದ್ರಿ, ಕೆಟ್ಟದ,” ಅಂದೆ. ಅದು ನನ್ನ ಮೊದಲ ಸುಳ್ಳು.

ಆಮೇಲೆ ಅವರು ಮಾಡಿದ ಹಾಡುಗಳೆಲ್ಲ ಕೊರೆಯತೊಡಗಿದವು. ತಮಗೆ ಮಂದವಾಗಿ ಕೇಳಿದ್ದನ್ನು ಸರಿಮಾಡಲು ಅವರು ಚೂಪು ದನಿಗಳನ್ನು ಎತ್ತುವ ಟ್ರೆಬಲ್ ಏರಿಸುತ್ತಲೇ ಹೋಗುತ್ತಿದ್ದರು. ನಾನು ಹೇಳಲಿಲ್ಲ. ಅವರು ಐದೂವರೆ ಬಸ್ಸಿಗೆ ಮೆಟ್ಟಿಲಿಳಿದ ಮೇಲೆ ಹಾಡಿಗೆ ಡಿ-ಎಸರ್ ಹಾಕಿ, ಕೊರೆಯುವ ‘ಸ’ಗಳನ್ನು ಒಂದೊಂದಾಗಿ ತಗ್ಗಿಸಿ, ಫೈಲು ಗಿರಾಕಿಗೆ ಕಳಿಸುತ್ತಿದ್ದೆ. ಬೆಳಿಗ್ಗೆ ಅವರು ಬರುವ ಮೊದಲು ಅದನ್ನು ಆರಿಸಿಡುತ್ತಿದ್ದೆ. ಗಿರಾಕಿಗಳು ಹೊಗಳಿದರೆ ಉಸ್ತಾದರು ನನ್ನತ್ತ ತಿರುಗಿ, “ನೋಡಿದೇನಲೇ, ಪ್ಲಗಿನ್ನು ಬೇಕಂತಿದ್ದಿ,” ಎಂದು ನಗುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಅವರ ಮೇಲಿನ ಪ್ರೀತಿಗೆ ಹೀಗೆ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಮಾತ್ರ ನಿಜ. ಹೇಳಲು ಹೆದರುತ್ತಿದ್ದೆ ಎಂಬುದು ಇನ್ನರ್ಧ.

ಆಗ ಬಂದವರು ದೇವದುರ್ಗದ ಅಂಗನವಾಡಿ ಟೀಚರು. ತಾಯಿಯಿಂದ ಕಲಿತ ಸೋಬಾನ ಪದಗಳನ್ನು ರೆಕಾರ್ಡ್ ಮಾಡಿಸಬೇಕಿತ್ತು. ಮೃದುವಾದ, ತುಸು ಒಡೆದ ದನಿ. ಪ್ರತಿ ಸಾಲಿನ ಕೊನೆಗೂ ‘ಸೋ’ ಎಂದು ಎಳೆಯುವ ಹಾಡುಗಳು. ಒಂದು ಸಾಲೂ ‘ಸ’ ಇಲ್ಲದೆ ಮುಗಿಯುತ್ತಿರಲಿಲ್ಲ.

ಮೊದಲ ದಿನ ಉಸ್ತಾದರು ಮೂರು ಸಲ ನಿಲ್ಲಿಸಿದರು.

“ತಂಗಿ, ನಿನ್ನ ಸ ಸತ್ತದ. ‘ಓ’ ಒಂದ ಕೇಳಸಾಕತ್ತದ. ಹಲ್ಲು ಹಚ್ಚಿ ಅನ್ನು.”

“ಅಂದೀನ್ರಿ.”

“ಅಂದ್ರ ನನಗ ಕೇಳಬೇಕಲ್ಲ!”

ಮೂಲೆಯ ಚಾಪೆಯ ಮೇಲೆ ಕೂತಿದ್ದ ತಬಲಾದವರು ಉಸ್ತಾದರ ಹಳೆಯ ಗೆಳೆಯರು. ಮದುವೆ ಮೈಕ್‌ಸೆಟ್ಟಿನ ದಿನಗಳಿಂದ ಜೊತೆಗಿದ್ದವರು. “ಯವ್ವಾ, ಆತಗ ಕುರಿ ಕೂಗಿದಂಗ ಕೂಗು, ತಟ್ಟನ ಕೇಳ್ತದ,” ಅಂದರು. ಎಲ್ಲರೂ ನಕ್ಕೆವು. ಉಸ್ತಾದರೂ ನಕ್ಕರು.

ಟೀಚರು ಎಂಟು ತಿಂಗಳಲ್ಲಿ ನಾಲ್ಕು ಸಲ ಬಂದರು. ದೇವದುರ್ಗದಿಂದ ಬೆಳಗಿನ ಬಸ್ಸು, ಕೈಯಲ್ಲಿ ಬುತ್ತಿ. ಮೊದಲ ಮೂರು ಸಲವೂ ಉಸ್ತಾದರು ಹಾಡನ್ನು ಪಾಸು ಮಾಡದೆ ವಾಪಸು ಕಳಿಸಿದರು. ನಾನು ಎಂದಿನಂತೆ ಸಂಜೆ ಡಿ-ಎಸರ್ ಹಾಕಿ, ಮನೆಯಲ್ಲಿ ಕೇಳಲೆಂದು ನಮೂನೆಯೊಂದನ್ನು ಟೀಚರ ಮೊಬೈಲಿಗೆ ಕಳಿಸುತ್ತಿದ್ದೆ. ಮೂರನೆಯ ಸಲ ಬಂದು ಹೋಗುವಾಗ ಅವರು ಮೆಟ್ಟಿಲ ಮೇಲೆ ನಿಂತರು. ನಾನು ಕೆಳಗಿನ ಬಾಗಿಲು ತೆರೆದುಕೊಡಲು ಹಿಂದೆ ಇಳಿಯುತ್ತಿದ್ದೆ.

“ಅಣ್ಣಾರ, ಒಂದ್ ಮಾತ್ರಿ. ಮನ್ಯಾಗ ಕೇಳಿದ್ರ ನನಗ ಛಂದ ಅನಸ್ತದ. ಉಸ್ತಾದರು ಸ ಇಲ್ಲ ಅಂತಾರ. ನನ್ನ ಕಿವಿನೇ ಕೆಟ್ಟಾವೇನ್ರಿ?”

ನಾನು ಮೇಲಿನ ಬಾಗಿಲತ್ತ ನೋಡಿದೆ.

“ಅಂಗನವಾಡ್ಯಾಗ ಹುಡುಗ್ರ ಮುಂದ ಹಾಡೋದು ಬಿಟ್ಟೀನ್ರಿ. ತಪ್ಪು ಕಲಿತಾವಂತ.”

ಮೇಲೆ ಉಸ್ತಾದರು ಕೆಮ್ಮಿದ್ದು ಕೇಳಿಸಿತು. ನಿಮ್ಮ ಕಿವಿ ಸರಿಯಾಗಿದೆ, ಬಾಯಿಯೂ ಸರಿಯಾಗಿದೆ ಎಂದು ಮೆಲ್ಲಗೆ ಹೇಳಿದ್ದರೂ ಸಾಕಿತ್ತು. ಅವರಿಗೆ ಅಷ್ಟೇ ಬೇಕಿತ್ತು. ನಾನು ಹೇಳಿದ್ದು, “ಇನ್ನೊಂಚೂರು ಪ್ರ್ಯಾಕ್ಟೀಸ್ ಮಾಡ್ರಿ.” ಅವರು ತಲೆಯಾಡಿಸಿ ಇಳಿದು ಹೋದರು...

ನಾಲ್ಕನೆಯ ಸಲ ಬಂದದ್ದೇ ಆ ಮಂಗಳವಾರ. ಹೊಸದಾಗಿ ಹಾಡುವ ಮೊದಲು ಹಳೆಯದನ್ನು ಒಮ್ಮೆ ಕೇಳೋಣ ಎಂದು ಉಸ್ತಾದರು ಕುರ್ಚಿಯಲ್ಲಿ ಕೂತರು. ಟೀಚರು ಅವರ ಬಲಕ್ಕೆ ಸ್ಟೂಲಿನ ಮೇಲೆ. ತಬಲಾದವರು ಚಾಪೆಯಲ್ಲಿ. ನಾನು ಆಚೆ ಕೋಣೆಯ ಮೈಕಿಗೆ ಪೆನ್ಸಿಲ್ ಕಟ್ಟಿ, ಹೆಡ್‌ಫೋನಿನ ವೈರು ಎಳೆದುಕೊಂಡು ಬಾಗಿಲಿಗೆ ಬಂದಿದ್ದೆ. ಬೆಳಿಗ್ಗೆ ಗಿರಾಕಿಯೊಬ್ಬರು ಬಂದು ಮಾತಿಗೆ ನಿಂತಿದ್ದರಿಂದ ಡಿ-ಎಸರ್ ಆರಿಸುವುದು ಮರೆತಿತ್ತು. ಅದರ ಕಿಟಕಿ ಪರದೆಯ ನಡುವೆ ತೆರೆದೇ ಇತ್ತು.

ಹಾಡು ಶುರುವಾಯಿತು. ಒಂದೊಂದು ‘ಸೋ’ ಬಂದಾಗಲೂ ಪರದೆಯ ಮೇಲಿನ ಮುಳ್ಳು ಬಿದ್ದು ಏಳುತ್ತಿತ್ತು.

“ಏನಲೇ ಇದು, ಮುಳ್ಳು ಕುಣಿಯಾಕತ್ತದ?” ಅಂದರು ಉಸ್ತಾದರು.

ಅವರು ಮುಂದಕ್ಕೆ ಬಾಗಿದರು. ಆ ಕಿಟಕಿಯಲ್ಲಿ ಹೆಡ್‌ಫೋನಿನ ಚಿತ್ರವಿರುವ ಸಣ್ಣ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಹಾಡು ನಿಂತು, ಹಾಡಿನಿಂದ ಏನನ್ನು ತಗ್ಗಿಸಲಾಗುತ್ತಿದೆಯೋ ಅಷ್ಟು ಮಾತ್ರ ಕೇಳಿಸುತ್ತದೆ. ಉಸ್ತಾದರು ಅದನ್ನು ಒತ್ತಿದರು.

ಹಾಡು ಮಾಯವಾಯಿತು. ಸ್ಸ್... ಸ್ಸ್... ಎಂದು ಒಲೆಯ ಮೇಲೆ ನೀರು ಚಿಮುಕಿಸಿದಂತೆ ಬರೀ ‘ಸ’ಗಳು. ಅವುಗಳಿಗೆ ತಕ್ಕಂತೆ ಮುಳ್ಳು ಬೀಳುತ್ತ ಏಳುತ್ತ ಇತ್ತು.

“ಆವಾಜ್ ಬಂದ್ ಆತಲ್ಲಲೇ!” ಅಂದರು. ಬಗ್ಗಿ ಸ್ಪೀಕರಿನ ವೈರು ಅಲುಗಾಡಿಸಿ ನೋಡಿದರು. ವಾಲ್ಯೂಮ್ ಏರಿಸಿದರು. ಇನ್ನೂ ಏರಿಸಿದರು. ಹಲ್ಲು ಜುಂ ಅನ್ನುವಷ್ಟು ಸದ್ದು. ತಬಲಾದವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಉಸ್ತಾದರು ಪೂರ್ತಿ ಏರಿಸಿ, ತಲೆ ಓರೆ ಮಾಡಿ, ಕಾಯುತ್ತ ಕೂತರು.

ಟೀಚರು ಸ್ಟೂಲಿನಿಂದ ಎದ್ದೇಬಿಟ್ಟರು. ಅವರ ಮುಖ ಅರಳಿತ್ತು.

“ಯಪ್ಪಾ! ಇದು ನಂದ ಅಲ್ಲೇನ್ರಿ? ನನ್ನ ಸ! ಬಂದದಲ್ರಿ, ಎಲ್ಲಾ ಬಂದಾವ! ಕೇಳ್ರಿ ಉಸ್ತಾದ್ರ, ಎಷ್ಟು ಜೋರ ಬಂದಾವ!”

ಉಸ್ತಾದರು ಅವರನ್ನು ನೋಡಿದರು. ಕಿವಿ ಮುಚ್ಚಿಕೊಂಡ ಗೆಳೆಯನನ್ನು ನೋಡಿದರು. ಆಮೇಲೆ ಪರದೆಯ ಮುಳ್ಳನ್ನು. ಕೊನೆಗೆ ಕುರ್ಚಿ ತಿರುಗಿಸಿ ನನ್ನನ್ನು.

“ನಿನಗೂ ಕೇಳಸಾಕತ್ತದೇನು?”

“ಹೌದ್ರಿ.”

“ಯಾವಾಗಿಂದ ಹಾಕ್ತಿ ಇದನ್ನ?”

“ಎರಡು ವರ್ಷ ಆತ್ರಿ.”

ಅವರು ವಾಲ್ಯೂಮಿನ ಗುಂಡಿಯನ್ನು ನಿಧಾನ ತಿರುಗಿಸಿ, ಎಂದಿನ ಗುರುತಿಗೆ ಸರಿಯಾಗಿ ತಂದು ನಿಲ್ಲಿಸಿದರು. ಎದ್ದು ಟೀಚರ ಎದುರು ನಿಂತರು.

“ತಂಗಿ, ನಿನ್ನ ಬಾಯಾಗ ಏನೂ ಐಬಿಲ್ಲ. ಎಂಟು ತಿಂಗಳು ಅಡ್ಡಾಡಿಸಿದೆ. ತಪ್ಪು ನಂದು.”

ಕೇಳಿಸದೆ ಇದ್ದದ್ದು ಉಸ್ತಾದರಿಗೆ ಎಂದು ಆಗ ಟೀಚರಿಗೆ ಅರ್ಥವಾಯಿತು. ಅರಳಿದ್ದ ಮುಖ ಹಾಗೇ ನಿಂತಿತು.

ಉಸ್ತಾದರು ಚಪ್ಪಲಿ ಮೆಟ್ಟಿಕೊಳ್ಳಲು ನನ್ನ ಪಕ್ಕ ಬಂದಾಗ, ನನಗೊಬ್ಬನಿಗೇ ಕೇಳುವಂತೆ, “ನಾ ಕಿವುಡ ಆದೆ, ಖರೆ. ನೀ ಯಾಕ ಮೂಕ ಆದಿ?” ಅಂದರು. ಮೆಟ್ಟಿಲಿಳಿದರು. ತಬಲಾದವರು, “ಲೇ, ನಿಲ್ಲಲೇ, ನಾನೂ ಬರ್ತೀನಿ,” ಎನ್ನುತ್ತ ತಬಲಾ ಅಲ್ಲೇ ಬಿಟ್ಟು ಹಿಂದೆ ಹೋದರು.

ಕೋಣೆಯಲ್ಲಿ ನಾವಿಬ್ಬರು ಉಳಿದೆವು. ನಾನು ಗುಂಡಿಯನ್ನು ಮತ್ತೆ ಒತ್ತಿ ಪ್ಲಗಿನ್ ಆರಿಸಿದೆ. ಹಾಡುತ್ತೀರಾ ಎಂದು ಕೇಳಿದೆ. ಟೀಚರು ಬುತ್ತಿಯ ಚೀಲವನ್ನು ಎದೆಗೆ ಹಿಡಿದು ನಿಂತಿದ್ದರು.

“ನಿಮಗ ಗೊತ್ತಿತ್ತಲ್ರಿ,” ಅಂದರು. “ಮೆಟ್ಟಿಲ ಮ್ಯಾಲ ನಾ ಕೇಳಿದಾಗ ನಿಮಗ ಗೊತ್ತಿತ್ತು. ಪ್ರ್ಯಾಕ್ಟೀಸ್ ಮಾಡ್ರಿ ಅಂದ್ರಿ.”

ಅವರು ಆ ದಿನ ಹಾಡಲಿಲ್ಲ. ಮತ್ತೆ ಬರಲೂ ಇಲ್ಲ.

ಉಸ್ತಾದರೂ ಬರಲಿಲ್ಲ. ಮೂರು ವಾರ ಕಾದು ಮಾನ್ವಿಗೆ ಹೋದೆ. ಮನೆಯ ಮುಂದೆ ಬೇವಿನ ನೆರಳಲ್ಲಿ ಕೂತಿದ್ದರು. ತಮ್ಮನ ಮಗ ಕುರಿಗಳನ್ನು ಹಟ್ಟಿಗೆ ಹೊಡೆಯುತ್ತಿದ್ದ, ಮರಿಗಳು ಕೂಗುತ್ತಿದ್ದವು. ಅವರು ಚಹಾ ತರಿಸಿದರು. ಕೋಣೆಯ ಬೀಗದ ಕೈಯನ್ನು ನನ್ನ ಲೋಟದ ಪಕ್ಕ ಇಟ್ಟು, “ನೀನ ನಡಸು,” ಅಂದರು. ಹೊರಡುವಾಗ ಒಂದೇ ಪ್ರಶ್ನೆ ಕೇಳಿದರು.

“ಆ ತಂಗಿ ಹಾಡಿದಳೇನು?”

“ಹಾಡಿದ್ರು ರೀ. ಛಂದ ಬಂದದ,” ಅಂದೆ.

ಅಲ್ಲಿಯೂ ಸುಳ್ಳನ್ನೇ ಹೇಳಿದೆ. ಅವರು ಬಹಳ ಹೊತ್ತು ನನ್ನ ಬಾಯನ್ನೇ ನೋಡಿದರು. ನಂಬಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ...

ಈಗ ಅದೇ ಕೋಣೆಯಲ್ಲಿ ಕೂತಿದ್ದೇನೆ. ಗೋಡೆಯ ಹತ್ತಿಯ ಗಾದಿ ತೆಗೆಸಿ ಫೋಮ್ ಹಾಕಿಸಿದ್ದೇನೆ. ಹೊಸ ಡಿ-ಎಸರ್‌ಗೆ ಯಾರೂ ಏನೂ ತೋರಿಸಬೇಕಿಲ್ಲ. ತಾನೇ ‘ಸ’ ಹುಡುಕಿ ತಗ್ಗಿಸುತ್ತದೆ. ಆ ಟೀಚರ ದನಿ ಮಾತ್ರ ಇನ್ನೂ ಕಂಪ್ಯೂಟರಿನಲ್ಲಿದೆ. ಪಾಸಾಗದೆ ಉಳಿದ ಮೂರು ರೆಕಾರ್ಡು. ಒಂದರಲ್ಲೂ ತಪ್ಪಿಲ್ಲ. ಪ್ಲಗಿನ್ ಇಲ್ಲದೆ, ಟ್ರೆಬಲ್ ಏರಿಸದೆ, ಬರೀ ಉಸ್ತಾದರು ಪೆನ್ಸಿಲ್ ಕಟ್ಟಿದ ಮೈಕಿನಿಂದ ಬಂದದ್ದನ್ನು ಹೋದ ವಾರ ಹಾಗೇ ಕೇಳಿದೆ. ‘ಸ’ ಕೊರೆಯುವುದೇ ಇಲ್ಲ. ಮೊದಲ ದಿನವೇ ಸರಿಯಾಗಿತ್ತು. ಕಿವಿ ಕೆಟ್ಟರೂ ಉಸ್ತಾದರ ಕೈ ಕೊನೆಯವರೆಗೂ ಕೆಟ್ಟಿರಲಿಲ್ಲ. ಅದನ್ನು ಅವರಿಗೆ ಹೇಳಬಹುದಾಗಿದ್ದವನು ನಾನೊಬ್ಬನೇ.

ಅವರು ಹೋಗಿ ಎರಡು ವರ್ಷ. ತಬಲಾದವರು ಅವರಿಗಿಂತ ಮೊದಲೇ ಹೋದರು. ಅವರ ತಬಲಾ ಇನ್ನೂ ಇಲ್ಲೇ, ಚಾಪೆಯ ಮೇಲಿದೆ. ಆ ಮಂಗಳವಾರ ಕೋಣೆಯಲ್ಲಿದ್ದ ನಾಲ್ವರಲ್ಲಿ ಈಗ ಉಳಿದಿರುವುದು ಇಬ್ಬರು. ನಾನು, ಮತ್ತು ದೇವದುರ್ಗದ ಅಂಗನವಾಡಿ ಟೀಚರು. ಇಲ್ಲಿ ಬರೆದದ್ದು ಹೀಗೇ ನಡೆಯಿತೇ ಎಂದು ಕೇಳಬೇಕೆನ್ನುವವರು ಅವರನ್ನೇ ಕೇಳಬೇಕು. ಮಕ್ಕಳ ಮುಂದೆ ಮತ್ತೆ ಹಾಡುತ್ತಾರೋ ಇಲ್ಲವೋ, ನಾನು ಕೇಳಿಲ್ಲ.