ನಮ್ಮ ಕಡೆಗಿದ್ದ ಪರದೆ

ಎಲೆಅಡಿಕೆಯಿಂದ ಕೆಂಪಾದ ತುಟಿ, ಹೆಗಲ ಮೇಲೆ ಹಳದಿ ಟವೆಲ್. ಬಾಯಿ ಒರೆಸಿಕೊಳ್ಳಲು ಕಾಕಾನ ಬಳಿ ಬೇರೆ ವಸ್ತ್ರವಿತ್ತು. ಆ ಟವೆಲ್ ಕಂಪ್ಯೂಟರಿನ ಧೂಳಿಗೆ ಮಾತ್ರ. ತಾಲೂಕು ಕಚೇರಿಯ ಕಿಟಕಿಯಲ್ಲಿ ಎರಡು ಪರದೆಗಳಿದ್ದವು. ಒಂದು ಅವರ ಕಡೆಗೆ, ಇನ್ನೊಂದು ಹೊರಗೆ ನಿಂತ ನಮ್ಮ ಕಡೆಗೆ. ಬೆಳಿಗ್ಗೆ ಅವರು ಮೊದಲು ಒರೆಸುತ್ತಿದ್ದದ್ದು ನಮ್ಮದನ್ನು. ಹೊಲದ ಉತಾರ, ಅಂದರೆ ಪಹಣಿ, ತೆಗೆದುಕೊಡುತ್ತಿದ್ದ ಅವರನ್ನು ಎಲ್ಲರೂ ಉತಾರದ ಕಾಕಾ ಎನ್ನುತ್ತಿದ್ದರು.

ಅದಕ್ಕೂ ಮೊದಲು ಉತಾರ ಬೇಕೆಂದರೆ ಊರ ಲೆಕ್ಕಿಗ ತಲಾಟಿಯ ಹಿಂದೆ ತಿರುಗಿ ಚಪ್ಪಲಿ ಸವೆಸಬೇಕಿತ್ತು. ಆದರೂ ಕಂಪ್ಯೂಟರ್ ಬಂದಾಗ ಜನ ನಂಬಲಿಲ್ಲ. ಗುಂಡಿ ಒತ್ತಿದರೆ ಹೊಲವೇ ಅಳಿಸಿಹೋದೀತೆಂದು ಅಂಜಿದವರೂ ಇದ್ದರು. ಅವರನ್ನು ಕಿಟಕಿಗೆ ಎಳೆದದ್ದು ಸರ್ಕಾರದ ಜಾಹೀರಾತಲ್ಲ, ಕಾಕಾನ ಒಂದು ಮಾತು: "ನೋಡ್ರಿ, ನೀವು ಹೂಂ ಅನ್ನೂತನಕ ನಾ ಒತ್ತಂಗಿಲ್ಲ." ಅಕ್ಷರ ಬಾರದ ನನ್ನ ಅವ್ವನಿಗೆ ಪರದೆಯ ಮೇಲೆ ಅಪ್ಪನ ಹೆಸರು ಗುರುತಿಸಲು ಕಲಿಸಿದವರೂ ಅವರೇ. ಅವ್ವ ಓಣಿಯ ಹೆಂಗಸರನ್ನೆಲ್ಲ ಕರೆದೊಯ್ದು, ಅಂಜಬೇಡಿ, ಕಾಕಾ ನಮ್ಮವನೇ ಎಂದು ಧೈರ್ಯ ಹೇಳುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಹೊಲಕ್ಕೆ ಅವ್ವನ ಹೆಸರು ಹಚ್ಚಬೇಕಾಗಿತ್ತು. ಅರ್ಜಿ ಹಿಡಿದು ಹೋದೆವು. ನಮ್ಮ ಕಡೆಗಿದ್ದ ಪರದೆ ಆ ಹಳದಿ ಟವೆಲ್ ಹೊದ್ದು ಕೂತಿತ್ತು.

"ಮಷಿನ್ ಕೆಟ್ಟೈತ್ರಿ, ಸೋಮವಾರ ಬರ್ರಿ" ಎಂದರು ಕಾಕಾ, ತಲೆ ಎತ್ತದೆ.

ಒಳಗೆ ಪ್ರಿಂಟರ್ ಮಾತ್ರ ಗರಗರ ಓಡುತ್ತಲೇ ಇತ್ತು. ನಾವು ಮೆಟ್ಟಿಲಿಳಿಯುವಾಗ ಹಿಂದಿನ ಬಾಗಿಲಿನಿಂದ ಚಿಕ್ಕಪ್ಪ ಹೊರಬಂದ. ಅಪ್ಪನ ಪಾಲಿಗೂ ತಾನೇ ವಾರಸುದಾರನೆಂದು ಅವನು ಅಂದೇ ಅರ್ಜಿ ಕೊಟ್ಟಿದ್ದು, ಕಾಕಾ ಅದನ್ನು ಮೊದಲು ಸೇರಿಸಿಕೊಂಡದ್ದು ಆಮೇಲೆ ತಿಳಿಯಿತು. ಚಿಕ್ಕಪ್ಪನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನನ್ನು ನಾವು ಎಂದೂ ನಂಬಿರಲಿಲ್ಲ. ಕುತ್ತಿಗೆ ಕೊಯ್ದವರು ಕಾಕಾ.

ಅವ್ವ ತಕರಾರು ಹಾಕಿದಳು. ವರ್ಷಗಟ್ಟಲೆ ಅಲೆದು ಹೊಲ ಉಳಿಸಿಕೊಂಡಳು. ಆ ಕಿಟಕಿಗೆ ಹೋಗಲು ಓಣಿಯ ಹೆಂಗಸರು ಮತ್ತೆ ಅವಳನ್ನು ಕರೆಯಲಿಲ್ಲ.

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಅವರೂರು ಮನಗೂಳಿಗೆ ಹೋಗಲಿಲ್ಲ. ಅವ್ವ ಹೋಗಿಬಂದು ಜಳಕ ಮಾಡಿದಳು. ಯಾಕೆ ಹೋಗಿದ್ದೆ ಎಂದು ರೇಗಿದೆ.

"ಮೋಸ ಮಾಡ್ಯಾನ, ಖರೇನ. ನೋಡಿ ಹೂಂ ಅನ್ನಬೇಕಂತ ಕಲಿಸಿದಾಂವನೂ ಅಂವನ."

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಇಂದಿಗೂ ಯಾವ ಕಚೇರಿಗೆ ಹೋದರೂ, ಕಿಟಕಿಯೊಳಗೆ ಕೈ ತೂರಿಸಿ, ಪರದೆಯತ್ತ ತೋರಿಸುತ್ತ ಅವ್ವ ಮೊದಲು ಹೇಳುವುದು ಇದನ್ನೇ:

"ತಮ್ಮಾ, ಅದನ್ನ ಈ ಕಡೆ ಹೊಳ್ಳಸು."